ಅಮ್ಮನ ಗ್ರೀನ್ ಕಾರ್ಡ್, ಅಮ್ಮನ ವಿಮೆ

ಅಮೆರಿಕದಲ್ಲಿ ನೆಲೆಯಾದ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳುತ್ತಾರೆ ಅಂದಾಗ ಸುತ್ತಲಿನವರು ಕೇಳುವುದೆಲ್ಲ ವೀಸಾದ ವಿಷಯವೇ. ಕರೆಸಿಕೊಳ್ಳುವ ಅರ್ಜಿ ಐ-130 ಯಾವಾಗ ಹಾಕಿದಿರಿ, ಇಂಟರ್‌ವ್ಯೂಗೆ ಕರೆ ಬಂತಾ, ಟಿಕೆಟ್ ಯಾವ ತಿಂಗಳಿಗೆ. ಆರೋಗ್ಯ ವಿಮೆಯ ಮಾತು ತೆಗೆಯುವವರು ಕಡಿಮೆ. ತೆಗೆದರೂ ಹಿರಿಯರಿಗಿರುವ ಸರ್ಕಾರಿ ವಿಮೆಯ ಹೆಸರು ಹೇಳಿ, "ಅರವತ್ತೈದು ದಾಟಿದೆಯಲ್ಲ, ಮೆಡಿಕೇರ್ ಸಿಗುತ್ತೆ ಬಿಡಿ" ಎಂದು ಅಲ್ಲಿಗೇ ಮುಗಿಸುತ್ತಾರೆ.

ಸಿಗುವುದಿಲ್ಲ. ಮೊದಲ ಐದು ವರ್ಷವಂತೂ ಸಿಗುವುದಿಲ್ಲ. ಆ ಐದು ವರ್ಷವನ್ನು ಹೇಗೆ ದಾಟಿಸುವುದು ಅನ್ನುವುದು ಟಿಕೆಟ್ ತೆಗೆಯುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕಾದ ಸಂಗತಿ. ಅಮ್ಮ ಬರುವ ಮುಂಚೆ ನಾನು ಓದಿ ತಿಳಿದುಕೊಂಡದ್ದು, ಬಂದ ಮೇಲೆ ಕಣ್ಣಾರೆ ಕಂಡದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿರುವ ಒಂದಷ್ಟು ಜನರಿಗಾದರೂ ಉಪಯೋಗಕ್ಕೆ ಬರಲಿ.

ಮೆಡಿಕೇರ್ 1965ರಲ್ಲಿ ಕಾನೂನಾಯಿತು. ದುಡಿಯುವ ಕಾಲದಲ್ಲಿ ಸಂಬಳದಿಂದ ತೆರಿಗೆ ಕಟ್ಟಿದವರಿಗೆ ಮುಪ್ಪಿನಲ್ಲಿ ಆಸರೆಯಾಗಲಿ ಎನ್ನುವುದು ಅದರ ಲೆಕ್ಕಾಚಾರ. 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ತಮ್ಮದೋ ತಮ್ಮ ಗಂಡ ಅಥವಾ ಹೆಂಡತಿಯದೋ ಇದ್ದರೆ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಪಾರ್ಟ್ ಎಗೆ ಪ್ರೀಮಿಯಂ ಕಟ್ಟಬೇಕಿಲ್ಲ. ಮಕ್ಕಳು ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಅದು ಅಮ್ಮನ ಖಾತೆಗೆ ಬೀಳುವುದಿಲ್ಲ. ಇಲ್ಲಿ ಒಂದು ದಿನವೂ ದುಡಿಯದ ಹಿರಿಯರು ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಈ ದೇಶದಲ್ಲಿ ವಾಸವಾಗಿದ್ದ ಮೇಲೆ, ಪ್ರೀಮಿಯಂ ಕಟ್ಟಿ ಸೇರಬಹುದು, ಅಷ್ಟೇ.

ಬಡವರಿಗಾಗಿ ಇರುವ ಮೆಡಿಕೈಡ್ ಬಾಗಿಲೂ ಹೆಚ್ಚಿನ ಕಡೆ ಹೀಗೆಯೇ ಮುಚ್ಚಿರುತ್ತದೆ. 1996ರ ಕಾನೂನು ಹೊಸ ಗ್ರೀನ್ ಕಾರ್ಡಿನವರಿಗೆ ಅಲ್ಲಿಯೂ ಐದು ವರ್ಷದ ತಡೆ ಹಾಕಿತು. ಇನ್ನು ನಮ್ಮ ಆಫೀಸಿನ ವಿಮೆ. ಗಂಡ, ಹೆಂಡತಿ, 26 ತುಂಬುವವರೆಗೆ ಮಕ್ಕಳು. ಅಪ್ಪ ಅಮ್ಮನಿಗೆ ಅದರಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಒಂದೇ ಸೂರಿನಡಿ ಇದ್ದರೂ, ಖರ್ಚೆಲ್ಲ ನಾವೇ ನೋಡಿಕೊಂಡರೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ 2023ರಿಂದ ಒಂದು ಕಾನೂನು ಬಂದಿದೆ, ಅದೂ ಕಂಪನಿ ಕೊಡುವ ವಿಮೆಗಲ್ಲ, ನಾವೇ ಹೊರಗೆ ಕೊಳ್ಳುವ ವೈಯಕ್ತಿಕ ವಿಮೆಗೆ ಅವಲಂಬಿತ ತಂದೆ ತಾಯಿಯನ್ನು ಸೇರಿಸಿಕೊಳ್ಳಬಹುದು ಅಂತ.

ಹಾಗಾದರೆ ಐ-864 ಎಂಬ ಜವಾಬ್ದಾರಿ ಪತ್ರಕ್ಕೆ ಸಹಿ ಹಾಕಿರುತ್ತೇವಲ್ಲ, ಅದು? ಬಡತನದ ರೇಖೆಯ ಶೇ. 125ರ ಮಟ್ಟಕ್ಕಾದರೂ ಇವರನ್ನು ನೋಡಿಕೊಳ್ಳುತ್ತೇವೆ ಎಂದು ಸರ್ಕಾರಕ್ಕೆ ಕೊಟ್ಟ ಮಾತು ಅದು. ಅಮ್ಮನ ಒಂದು ಎಕ್ಸ್‌ರೇಗೂ ಅದರಿಂದ ಹಣ ಹುಟ್ಟುವುದಿಲ್ಲ. 1986ರ ಕಾನೂನಿನ ಪ್ರಕಾರ ಆಸ್ಪತ್ರೆಯ ತುರ್ತು ವಿಭಾಗ ಯಾರನ್ನೂ ನೋಡದೆ ವಾಪಸ್ ಕಳಿಸುವಂತಿಲ್ಲ, ಅಪಾಯ ತಪ್ಪುವವರೆಗೆ ಚಿಕಿತ್ಸೆ ಕೊಡಲೇಬೇಕು. ಆದರೆ ಬಿಲ್ಲು ಮನೆಗೆ ಬಂದೇ ಬರುತ್ತದೆ.

ಇಷ್ಟೆಲ್ಲ ಇದ್ದರೂ ಯಾಕೆ ಯಾರೂ ಮೊದಲೇ ಯೋಚಿಸುವುದಿಲ್ಲ ಅಂದರೆ, ಯಾರೂ ಕೇಳುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ ಟ್ರಂಪ್ ಸರ್ಕಾರ, ವಲಸೆ ಬರುವವರು 30 ದಿನದೊಳಗೆ ವಿಮೆ ಮಾಡಿಸಿಕೊಳ್ಳುತ್ತೇವೆಂದು ತೋರಿಸದಿದ್ದರೆ ವೀಸಾ ಇಲ್ಲ ಎಂದು ಘೋಷಿಸಿತ್ತು. ಜಾರಿಗೆ ಬರುವ ಮೊದಲೇ ಕೋರ್ಟು ತಡೆಯಿತು. 2021ರ ಮೇ ತಿಂಗಳಲ್ಲಿ ಬೈಡನ್ ಅದನ್ನು ರದ್ದು ಮಾಡಿದರು. ವೀಸಾ ನಿರಾಕರಿಸಲು ವಿಮೆಯನ್ನು ನೆಪ ಮಾಡಿಕೊಳ್ಳುವುದು ಅನ್ಯಾಯ, ರದ್ದಾದದ್ದು ಒಳ್ಳೆಯದೇ ಆಯಿತು. ಅಮ್ಮನ ಇಂಟರ್‌ವ್ಯೂ ಹೊತ್ತಿಗೆ ವಿಮೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಕೆನಡಾದ ಸೂಪರ್ ವೀಸಾ ಬೇರೆ ರೀತಿ. ಅಲ್ಲಿಗೆ ದೀರ್ಘಕಾಲ ಇರಲು ಹೋಗುವ ತಂದೆ ತಾಯಿ ಕನಿಷ್ಠ ಒಂದು ವರ್ಷದ, 1,00,000 ಕೆನಡಾ ಡಾಲರ್ ಮೊತ್ತದ ವಿಮೆಯ ಕಾಗದ ತೋರಿಸಲೇಬೇಕು. ಅಲ್ಲಿನ ಗೆಳತಿಯರು ಇದನ್ನು ಬೈದುಕೊಳ್ಳುತ್ತಾರೆ, ಆದರೆ ವಿಮಾನ ಹತ್ತುವ ಮೊದಲೇ ಎಲ್ಲರೂ ಕೂತು ಲೆಕ್ಕ ಹಾಕುತ್ತಾರೆ. ನಾವು ನಮ್ಮಷ್ಟಕ್ಕೆ ನಾವೇ ಕೂರಬೇಕು.

ನನ್ನ ತಮ್ಮ ಮೊದಲು ಹೇಳಿದ್ದು ವಿಸಿಟರ್ ವಿಮೆ. ಹಿಂದೆ ಅಮ್ಮ ಆರಾರು ತಿಂಗಳು ಬಂದು ಹೋಗುವಾಗ ಅದನ್ನೇ ತೆಗೆದುಕೊಳ್ಳುತ್ತಿದ್ದೆವು. "ಅಕ್ಕಾ, ಅದೇ ಸಾಕಲ್ವಾ, ಅಗ್ಗ" ಅಂದ. ಪಾಲಿಸಿಯ ಪುಸ್ತಕ ತೆಗೆದು ಅವನ ಮುಂದಿಟ್ಟೆ. ಇಂಥ ಪಾಲಿಸಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಮೊದಲೇ ಇದ್ದ ಕಾಯಿಲೆಗಳದ್ದು. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಅವುಗಳ ದಿನನಿತ್ಯದ ಚಿಕಿತ್ಸೆಗೆ ಏನೂ ಸಿಗುವುದಿಲ್ಲ. "ಅಕ್ಯೂಟ್ ಆನ್‌ಸೆಟ್" ಎಂಬ ಹೆಸರಿನಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿರುತ್ತಾರೆ. ಆ ಕಾಯಿಲೆ ಯಾವ ಮುನ್ಸೂಚನೆಯೂ ಇಲ್ಲದೆ ದಿಢೀರನೆ ಉಲ್ಬಣಿಸಿರಬೇಕು, 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು, ವಯಸ್ಸು ಇಂತಿಷ್ಟು ದಾಟಿರಬಾರದು ಎಂದು ಹೆಚ್ಚಿನ ಪಾಲಿಸಿಗಳ ಒಕ್ಕಣೆ. ಎರಡು ದಿನದಿಂದ ಎದೆ ಭಾರ ಅನ್ನಿಸುತ್ತಿತ್ತು ಎಂದು ಅಮ್ಮ ಡಾಕ್ಟರ ಮುಂದೆ ನಿಜ ಹೇಳಿದರೆ ಸಾಕು, ಆ "ಮುನ್ಸೂಚನೆ ಇಲ್ಲದೆ" ಅನ್ನುವ ಮಾತು ಬಿದ್ದುಹೋಗುತ್ತದೆ. ನಿಜ ಹೇಳಿದ ರೋಗಿಗೆ ನಷ್ಟ ಮಾಡುವ ಕಾಗದವನ್ನು ಎಪ್ಪತ್ತು ದಾಟಿದವರ ಕೈಗೆ ಕೊಟ್ಟು ಐದು ವರ್ಷ ನಡೆಸುವುದು ನನಗೆ ಒಪ್ಪಿಗೆಯಾಗಲಿಲ್ಲ. ತಮ್ಮನಿಗೂ ಓದಿದ ಮೇಲೆ ಒಪ್ಪಿಗೆಯಾಗಲಿಲ್ಲ.

ಉಳಿದದ್ದು ಮಾರ್ಕೆಟ್‌ಪ್ಲೇಸ್, ಅಂದರೆ ಖಾಸಗಿ ಕಂಪನಿಗಳ ವಿಮೆ ಕೊಳ್ಳಲು ಸರ್ಕಾರ ನಡೆಸುವ ತಾಣ, ಜನ ಒಬಾಮಾಕೇರ್ ಅನ್ನುವುದು. 2010ರ ಕಾನೂನು, 2014ರಿಂದ ಪೂರ್ತಿ ಜಾರಿ. ಮೊದಲೇ ಕಾಯಿಲೆ ಇದೆ ಎಂದು ವಿಮೆ ಕೊಡದೆ ಇರುವಂತಿಲ್ಲ, ಅದಕ್ಕಾಗಿ ಹೆಚ್ಚು ವಸೂಲಿ ಮಾಡುವಂತಿಲ್ಲ. ಮೆಡಿಕೇರ್ ಸಿಗದ ಹಿರಿಯರು 65 ದಾಟಿದ್ದರೂ ಇಲ್ಲಿ ಕೊಳ್ಳಬಹುದು. ಇದು ಎಷ್ಟೋ ಏಜೆಂಟರಿಗೂ ಗೊತ್ತಿರುವುದಿಲ್ಲ, ವಯಸ್ಸು ಕೇಳಿದ ಕೂಡಲೇ ಮೆಡಿಕೇರ್ ಕಡೆ ಕೈ ತೋರಿಸುತ್ತಾರೆ. ಪಟ್ಟುಹಿಡಿದು ಕೇಳಬೇಕು. ವಯಸ್ಸಿಗೆ ತಕ್ಕಂತೆ ಪ್ರೀಮಿಯಂ ಏರುತ್ತದೆ, ಆದರೆ ಎಳೆಯ ವಯಸ್ಕರ ಪ್ರೀಮಿಯಂನ ಮೂರು ಪಟ್ಟು ಮೀರುವಂತಿಲ್ಲ, 64ರ ಆಚೆ ಮತ್ತೆ ಏರುವುದೂ ಇಲ್ಲ. ನ್ಯೂಯಾರ್ಕ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಂತೂ ವಯಸ್ಸನ್ನು ಲೆಕ್ಕಕ್ಕೇ ಹಿಡಿಯುವಂತಿಲ್ಲ. ವಯಸ್ಸಿಗೆ ಬಂದ ಮೊಮ್ಮಗನಿಗೂ ಅಜ್ಜಿಗೂ ಒಂದೇ ದರ.

ಇಲ್ಲಿ ಕಣ್ಣಿಡಬೇಕಾದದ್ದು 60 ದಿನದ ಗಡುವಿನ ಮೇಲೆ. ಹೊರದೇಶದಿಂದ ಬಂದು ನೆಲೆಸಿದವರಿಗೆ ವರ್ಷದ ಮಧ್ಯದಲ್ಲೂ ಸೇರಲು ವಿಶೇಷ ಅವಕಾಶವಿದೆ, ಬಂದ 60 ದಿನದೊಳಗೆ. ಅದು ಕಳೆದರೆ ನವೆಂಬರ್‌ನಲ್ಲಿ ತೆರೆಯುವ ಸಾಮಾನ್ಯ ನೋಂದಣಿಯವರೆಗೆ ಕಾಯಬೇಕು, ವಿಮೆ ಶುರುವಾಗುವುದು ಜನವರಿಗೆ. ಪ್ಲಾಸ್ಟಿಕ್ ಗ್ರೀನ್ ಕಾರ್ಡ್ ಅಂಚೆಯಲ್ಲಿ ಬರಲಿ ಎಂದು ಕೂರಬೇಕಾಗಿಲ್ಲ. ಪಾಸ್‌ಪೋರ್ಟಿನಲ್ಲಿರುವ ವಲಸೆ ವೀಸಾದ ಮೇಲೆ ವಿಮಾನ ನಿಲ್ದಾಣದಲ್ಲಿ ಹಾಕುವ ಮುದ್ರೆಯೇ ಒಂದು ವರ್ಷದವರೆಗೆ ಗ್ರೀನ್ ಕಾರ್ಡಿನಷ್ಟೇ ಸಿಂಧು. ಆ ಪುಟವನ್ನು ಫೋಟೊ ತೆಗೆದು ಏರಿಸಿದರೆ ಅರ್ಜಿ ಮುಂದಕ್ಕೆ ಹೋಗುತ್ತದೆ. ಪ್ಲಾನ್ ಆರಿಸಿದ ಮುಂದಿನ ತಿಂಗಳ ಒಂದನೇ ತಾರೀಕಿಗೆ ವಿಮೆ ಆರಂಭ. ಹಾಗಾಗಿ ತಿಂಗಳ ಕೊನೆಯ ವಾರದಲ್ಲಿ ಬಂದಿಳಿಯುವಂತೆ ಟಿಕೆಟ್ ತೆಗೆದು, ಇಳಿದ ತಕ್ಷಣ ಅರ್ಜಿ ಹಾಕಿದರೆ ನಡುವೆ ಬರಿಗೈಯಲ್ಲಿರುವ ದಿನಗಳು ಕಡಿಮೆ. ಆ ಸಣ್ಣ ಅಂತರಕ್ಕೆ ವಿಸಿಟರ್ ವಿಮೆ ಧಾರಾಳವಾಗಿ ಸಾಕು, ಅದರ ಜಾಗ ಅದೇ.

ದುಡ್ಡಿನ ಮಾತು. ಇಲ್ಲಿ ನಿಯಮಗಳು ಈಚೆಗೆ ಬದಲಾಗಿವೆ, ಹಳೆಯ ಸಲಹೆ ನಂಬಬೇಡಿ. ಅಮ್ಮ ಬಂದ ಕಾಲಕ್ಕೆ, ಆದಾಯ ತೀರಾ ಕಡಿಮೆಯಿದ್ದು ಐದು ವರ್ಷದ ತಡೆಯಿಂದಾಗಿ ಮೆಡಿಕೈಡ್ ಸಿಗದ ಹೊಸಬರಿಗೂ ಪ್ರೀಮಿಯಂ ಸಬ್ಸಿಡಿ ಸಿಗುತ್ತಿತ್ತು. 2025ರ ಜುಲೈನಲ್ಲಿ ಸಹಿಯಾದ ಕಾನೂನು ಇದನ್ನು 2026ರಿಂದ ತೆಗೆದುಹಾಕಿತು. ಈಗ ಆದಾಯ ಬಡತನದ ರೇಖೆಯಷ್ಟಾದರೂ ಇರಲೇಬೇಕು. 2026ರ ವಿಮೆಗೆ ಒಬ್ಬರ ಲೆಕ್ಕದಲ್ಲಿ ಅದು ವರ್ಷಕ್ಕೆ 15,650 ಡಾಲರ್. ಮೇಲ್ಮಿತಿಯೂ ವಾಪಸ್ ಬಂದಿದೆ. 2021ರಿಂದ ಇದ್ದ ಹೆಚ್ಚುವರಿ ಸಬ್ಸಿಡಿ 2025ರ ಕೊನೆಗೆ ಮುಗಿದು, ರೇಖೆಯ ನಾಲ್ಕು ಪಟ್ಟು ದಾಟಿದವರಿಗೆ ಏನೂ ಇಲ್ಲದಂತಾಗಿದೆ. ಯಾರ ಆದಾಯ ಅನ್ನುವುದು ಇನ್ನೊಂದು ಪ್ರಶ್ನೆ. ಅಮ್ಮ ನಮ್ಮ ತೆರಿಗೆಯಲ್ಲಿ ಅವಲಂಬಿತೆಯಾದರೆ ಲೆಕ್ಕಕ್ಕೆ ಬರುವುದು ನಮ್ಮ ಸಂಬಳ. ಅವಳದ್ದೇ ಪೆನ್ಷನ್, ಬಾಡಿಗೆ, ಬ್ಯಾಂಕಿನ ಬಡ್ಡಿ ಸೇರಿ ಸಾಕಷ್ಟಿದ್ದು ತಾನೇ ತೆರಿಗೆ ಸಲ್ಲಿಸಿದರೆ ಅವಳ ಆದಾಯ. ಊರಿನಲ್ಲಿ ಬರುವ ವರಮಾನವೂ ಇದರಲ್ಲಿ ಸೇರುತ್ತದೆ, ಗ್ರೀನ್ ಕಾರ್ಡಿನವರು ಜಗತ್ತಿನ ಎಲ್ಲಿಂದ ಬಂದ ಆದಾಯವನ್ನೂ ಇಲ್ಲಿ ತೋರಿಸಬೇಕು. ತಾಯಿ ಬರುವ ಮುಂಚೆ ತೆರಿಗೆಯವರೊಬ್ಬರ ಹತ್ತಿರ ಒಂದು ಗಂಟೆ ಕೂತರೆ ಆ ಫೀಸು ದಂಡವಲ್ಲ.

ಇಷ್ಟು ಕಾಗದದ ಮಾತಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಇದಲ್ಲ.

ಪ್ಲಾನುಗಳಿಗೆ ಲೋಹದ ಹೆಸರುಗಳಿವೆ. ಬ್ರಾಂಜ್‌ನಲ್ಲಿ ಒಟ್ಟಾರೆ ಖರ್ಚಿನ ಸರಾಸರಿ ಶೇ. 60ರಷ್ಟನ್ನು ವಿಮೆ ಕೊಡುತ್ತದೆ, ಸಿಲ್ವರ್‌ನಲ್ಲಿ 70, ಗೋಲ್ಡ್‌ನಲ್ಲಿ 80, ಪ್ಲಾಟಿನಂನಲ್ಲಿ 90. ಬ್ರಾಂಜ್‌ಗೆ ಪ್ರೀಮಿಯಂ ಕಡಿಮೆ, ಡಿಡಕ್ಟಿಬಲ್ ದೊಡ್ಡದು. ಅಂದರೆ ವರ್ಷದ ಮೊದಲ ಕೆಲವು ಸಾವಿರ ಡಾಲರ್ ಹೆಚ್ಚುಕಡಿಮೆ ನಮ್ಮ ಕೈಯಿಂದಲೇ. ತಮ್ಮ ಎಕ್ಸೆಲ್ ಹಾಳೆ ಮಾಡಿ ಕಳಿಸಿದ. ದೊಡ್ಡ ಕಾಯಿಲೆ ಏನೂ ಬರದಿದ್ದರೆ ಬ್ರಾಂಜ್ ಲಾಭ, ಬಂದರೂ ನಾವು ಕೈಯಿಂದ ಕೊಡಬೇಕಾದ ವರ್ಷದ ಮಿತಿ ದಾಟಿದ ಮೇಲೆ ಎಲ್ಲ ಪ್ಲಾನೂ ಒಂದೇ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಮ್ಮ ಎಂಥವಳು ಅನ್ನುವುದಕ್ಕೆ ಆ ಹಾಳೆಯಲ್ಲಿ ಒಂದು ಕಾಲಂ ಇರಲಿಲ್ಲ.

ಡಾಕ್ಟರ ಹತ್ತಿರ ಹೋದರೆ ನೂರಾರು ಡಾಲರ್ ಆಗುತ್ತದೆ ಎಂದು ಒಮ್ಮೆ ಅಮ್ಮನ ಕಿವಿಗೆ ಬಿದ್ದರೆ ಮುಗಿಯಿತು. ಮಂಡಿ ಊದಿದ್ದರೂ "ಏನಿಲ್ಲ, ಸ್ವಲ್ಪ ಹಿಡಿದುಕೊಂಡಿದೆ" ಅನ್ನುತ್ತಾಳೆ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ಸುಮ್ಮನೆ ಯಾಕೆ ದುಡ್ಡು ದಂಡ" ಅನ್ನುತ್ತಾಳೆ. ಮಾತ್ರೆ ಎರಡು ದಿನಕ್ಕೊಮ್ಮೆ ತೆಗೆದುಕೊಂಡು ಉಳಿಸುವ ಹಿರಿಯರನ್ನು ನಾನು ಬಲ್ಲೆ. ಸ್ವಂತ ಮನೆಯಲ್ಲಿ ಯಜಮಾನಿಕೆ ಮಾಡಿದವರು ಮಕ್ಕಳ ಮನೆಗೆ ಬಂದ ದಿನದಿಂದ ಪ್ರತಿ ಖರ್ಚನ್ನೂ ಡಾಲರಿನಿಂದ ರೂಪಾಯಿಗೆ ಗುಣಿಸಿ ನೋಡುತ್ತಾರೆ. ಹೊರೆಯಾಗಬಾರದು ಅನ್ನುವ ಒಂದೇ ಹಟದಲ್ಲಿ ನೋವನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ನೋವು ತುರ್ತು ವಿಭಾಗದಲ್ಲಿ ಹೊರಬೀಳುತ್ತದೆ, ಆಗ ಯಾವ ಎಕ್ಸೆಲ್ ಹಾಳೆಯೂ ನಿಲ್ಲುವುದಿಲ್ಲ. ಹಿರಿಯರಿಗೆ ವಿಮೆ ಕೊಳ್ಳುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಪಾಲಿಸಿ ಕೈಯಲ್ಲಿದ್ದರೆ ಇವರು ನೋವಾದ ದಿನವೇ ಬಾಯಿಬಿಡುತ್ತಾರಾ?

ಹಾಗಾಗಿ ಗೋಲ್ಡ್ ತೆಗೆದುಕೊಂಡೆವು. ಡಿಡಕ್ಟಿಬಲ್ ಮುಟ್ಟುವ ಮೊದಲೇ ಮನೆ ಡಾಕ್ಟರ ಭೇಟಿಗೆ ಒಂದು ಸಣ್ಣ ಕೋ-ಪೇ, ಅಂದರೆ ಪ್ರತಿ ಸಲ ನಾವು ಕೊಡುವ ನಿಗದಿತ ಮೊತ್ತ, ಕೊಟ್ಟರೆ ಸಾಕು ಅನ್ನುವಂಥ ಪ್ಲಾನ್ ಹುಡುಕಿದೆವು. (ಅಮ್ಮನ ಸ್ವಂತ ಆದಾಯದ ಮೇಲೆ ಅರ್ಜಿ ಹಾಕುವವರು ಸಿಲ್ವರ್ ನೋಡಿ. ಆದಾಯ ಬಡತನದ ರೇಖೆಯ ಎರಡೂವರೆ ಪಟ್ಟಿನೊಳಗಿದ್ದರೆ ಸಿಲ್ವರ್‌ಗೆ ಮಾತ್ರ ಡಿಡಕ್ಟಿಬಲ್ ಮತ್ತು ಕೋ-ಪೇ ಇಳಿಸಿಕೊಡುತ್ತಾರೆ.) ಅವಳಿಗೆ ಬೇಕಾದ ಹೃದಯದ ಡಾಕ್ಟರು, ಹತ್ತಿರದ ಆಸ್ಪತ್ರೆ ಆ ವಿಮೆ ಒಪ್ಪುವವರ ಪಟ್ಟಿಯಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಇದ್ದಾರಾ ಎಂದು ವೆಬ್‌ಸೈಟ್ ನೋಡಿದ್ದಲ್ಲದೆ ಆ ಕ್ಲಿನಿಕ್‌ಗೇ ಫೋನ್ ಮಾಡಿ ಕೇಳಿದೆ. ವೆಬ್‌ಸೈಟಿನ ಪಟ್ಟಿ ಎಷ್ಟೋ ಸಲ ಹಳೆಯದಾಗಿರುತ್ತದೆ. ಕೊನೆಗೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದ ಕನ್ನಡದಲ್ಲಿ ಬರೆದೆ: ಮನೆ ಡಾಕ್ಟರು ಇಷ್ಟು, ದೊಡ್ಡ ಡಾಕ್ಟರು ಇಷ್ಟು, ರಕ್ತಪರೀಕ್ಷೆ ಇಷ್ಟು, ವರ್ಷದಲ್ಲಿ ಏನೇ ಆದರೂ ಇದಕ್ಕಿಂತ ಹೆಚ್ಚಿಲ್ಲ. ಅವಳ ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನಿಂತು ಓದಿ, "ಇದಕ್ಕೆ ತಿಂಗಳಿಗೆ ಎಷ್ಟು ಕಟ್ಟುತ್ತೀರಿ, ಅದನ್ನೇ ಬರೆದಿಲ್ಲವಲ್ಲ" ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದರಲ್ಲಿ ಒಂದು ಪಾಲು ತನ್ನ ಪೆನ್ಷನ್ನಿನಿಂದ ಹೋಗಬೇಕು ಎಂದಳು. ಬೇಡ ಅನ್ನಲಿಲ್ಲ ನಾವು. ಅಂದಿನಿಂದ ಅದು "ನಿಮ್ಮ ವಿಮೆ" ಹೋಗಿ "ನನ್ನ ವಿಮೆ" ಆಯಿತು, ಡಾಕ್ಟರ ಹತ್ತಿರ ಹೋಗೋಣ ಅಂದರೆ ತಾನೇ ಕಾರ್ಡು ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತಾಳೆ.

ಮೊದಲ ಭೇಟಿಯದು ಹೇಳಲೇಬೇಕು. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಅಪಾಯಿಂಟ್‌ಮೆಂಟ್ ತೆಗೆಯುವಾಗಲೇ ಕನ್ನಡ ಬೇಕು ಎಂದು ಹೇಳಿಟ್ಟಿದ್ದೆ. ಡಾಕ್ಟರು ಮೇಜಿನ ಮೇಲಿನ ಫೋನನ್ನು ಸ್ಪೀಕರ್‌ಗೆ ಹಾಕಿದರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು, "ನಮಸ್ಕಾರ ಅಮ್ಮಾ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ ಅಂತ ಡಾಕ್ಟರು ಕೇಳುತ್ತಿದ್ದಾರೆ" ಅಂದರು. "ಬರುತ್ತಮ್ಮ, ಎರಡು ದಿಂಬು ಇಟ್ಟುಕೊಂಡರೆ ಬರುತ್ತೆ" ಎಂದಳು ಅಮ್ಮ. "ಒಂದೇ ದಿಂಬಿನಲ್ಲಿ ಮಲಗಿದರೆ ಉಸಿರು ಕಟ್ಟಿದ ಹಾಗಾಗುತ್ತೆ. ಎದ್ದು ಕೂತುಬಿಡ್ತೀನಿ." ಆ ಮಾತು ಇಂಗ್ಲಿಷಿನಲ್ಲಿ ಕೇಳಿದ್ದೇ ತಡ ಡಾಕ್ಟರು ಟೈಪ್ ಮಾಡುವುದನ್ನು ನಿಲ್ಲಿಸಿ ಅಮ್ಮನ ಕಾಲುಗಳನ್ನು ಒತ್ತಿ ನೋಡಿದರು. ಮಲಗಿದಾಗ ಉಸಿರು ಕಟ್ಟುವುದು ಹೃದಯ ದಣಿದಿರುವುದರ ಲಕ್ಷಣವಿರಬಹುದು. ಎಕೋ ಆಯಿತು, ಮಾತ್ರೆ ಬದಲಾಯಿತು, ಈಗ ಅಮ್ಮ ಒಂದು ದಿಂಬಿನಲ್ಲಿ ಮಲಗುತ್ತಾಳೆ. ಮನೆಯಲ್ಲಿ ನಮ್ಮ ಯಾರ ಮುಂದೆಯೂ ಹೇಳದ ಸಂಗತಿಯನ್ನು ಮುಖ ನೋಡದ ಒಬ್ಬಳಿಗೆ ಅವಳು ಸಲೀಸಾಗಿ ಹೇಳಿದ್ದಳು. ದುಭಾಷಿ ಬೇಡ, ನಾವಿದ್ದೇವಲ್ಲ ಅನ್ನುವ ಮಕ್ಕಳಿಗೆ ನನ್ನ ಕಳಕಳಿಯ ಮಾತು: ಕೇಳಿ ತೆಗೆದುಕೊಳ್ಳಿ. ತಾಯಂದಿರು ಮಕ್ಕಳ ಮೂಲಕ ಹೇಳದ ಮಾತುಗಳು ಇರುತ್ತವೆ.

ಹೊರಡುವ ಮೊದಲು ಊರಿನಲ್ಲೇ ಮಾಡಿಸಿಕೊಂಡು ಬರುವುದು ಒಳ್ಳೆಯದು ಅನ್ನಿಸುವ ಕೆಲಸಗಳೂ ಇವೆ. ಹಲ್ಲು, ಕನ್ನಡಕ. ದೊಡ್ಡವರ ಮಾರ್ಕೆಟ್‌ಪ್ಲೇಸ್ ವಿಮೆಯಲ್ಲಿ ಇವೆರಡೂ ಸಾಮಾನ್ಯವಾಗಿ ಸೇರಿರುವುದಿಲ್ಲ. ಮಾತ್ರೆಗಳ ಬ್ರಾಂಡ್ ಹೆಸರು ಇಲ್ಲಿನ ಡಾಕ್ಟರಿಗೆ ಅರ್ಥವಾಗದು, ಒಳಗಿರುವ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಎಂದು ಅಲ್ಲಿನ ಡಾಕ್ಟರಿಂದಲೇ ಬರೆಸಿಕೊಂಡು ಬರಬೇಕು. ಹಳೆಯ ಇಸಿಜಿ, ಡಿಸ್ಚಾರ್ಜ್ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಊರಿನಲ್ಲಿರುವ ಪಾಲಿಸಿಯನ್ನು ಮಾತ್ರ, ಇನ್ನೇನು ಹೊರಟೆವಲ್ಲ ಎಂದು ಬಿಟ್ಟುಬಿಡಬೇಡಿ. ವಾಪಸ್ ಹೋಗಬೇಕು ಅನ್ನಿಸುವ ದಿನ ಬರಬಹುದು. ಬಿಟ್ಟ ಪಾಲಿಸಿಗೆ ಆ ವಯಸ್ಸಿನಲ್ಲಿ ಮತ್ತೆ ಸೇರಿದರೆ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಮೊದಲಿಂದ ಶುರು. ನಮ್ಮ ಅಮ್ಮನ ಪಾಲಿಸಿಯನ್ನು ತಮ್ಮ ಪ್ರತಿವರ್ಷ ನವೀಕರಿಸುತ್ತಿದ್ದಾನೆ.

ಎಲ್ಲ ಲೆಕ್ಕ ಹಾಕಿದ ಮೇಲೆ, ಗ್ರೀನ್ ಕಾರ್ಡೇ ಬೇಡ, ಬಂದು ಹೋಗುತ್ತಾ ಇರಲಿ ಎಂದು ತೀರ್ಮಾನಿಸುವ ಮನೆಗಳೂ ಇವೆ. ಅದು ಪ್ರೀತಿ ಕಡಿಮೆಯಾದ ತೀರ್ಮಾನವಲ್ಲ. ಡಯಾಲಿಸಿಸ್ ನಡೆಯುತ್ತಿರುವ, ಬಲ್ಲ ಡಾಕ್ಟರು ಪಕ್ಕದ ಬೀದಿಯಲ್ಲೇ ಇರುವ ಹಿರಿಯರನ್ನು ಕಿತ್ತು ತರುವುದಕ್ಕಿಂತ ಅಲ್ಲೇ ಒಬ್ಬರನ್ನು ಸಹಾಯಕ್ಕೆ ಇಟ್ಟು ನಾವು ಹೋಗಿ ಬರುವುದು ಮೇಲು. ನಿರ್ಧಾರ ಯಾವುದೇ ಆಗಲಿ, ಅವರನ್ನು ಕೂರಿಸಿಕೊಂಡು, ಅಂಕಿಗಳನ್ನು ಮುಂದಿಟ್ಟು ಮಾಡಬೇಕು.

ಅಮ್ಮನಿಗೆ ಐದು ವರ್ಷ ತುಂಬುವ ಕಾಲ ಹತ್ತಿರ ಬರುತ್ತಿದೆ. ಅರ್ಹತೆ ಬರುವ ತಿಂಗಳಿಗೆ ಮೂರು ತಿಂಗಳ ಮುಂಚೆಯಿಂದ ಮೂರು ತಿಂಗಳ ನಂತರದವರೆಗೆ, ಒಟ್ಟು ಏಳು ತಿಂಗಳು ಮೆಡಿಕೇರ್ ನೋಂದಣಿಯ ಬಾಗಿಲು ತೆರೆದಿರುತ್ತದೆ. 2026ರ ದರದಲ್ಲಿ ದುಡಿಮೆಯ ದಾಖಲೆ ಇಲ್ಲದವರಿಗೆ ಪಾರ್ಟ್ ಎ ತಿಂಗಳಿಗೆ 565 ಡಾಲರ್, ಡಾಕ್ಟರ ಖರ್ಚು ನೋಡುವ ಪಾರ್ಟ್ ಬಿ 202.90 ಡಾಲರ್. ತಡ ಮಾಡಿದರೆ ಪಾರ್ಟ್ ಬಿಗೆ ಪ್ರತಿ ಪೂರ್ತಿ 12 ತಿಂಗಳಿಗೆ ಶೇ. 10ರಂತೆ ದಂಡ, ಅದು ಪಾರ್ಟ್ ಬಿ ಇರುವಷ್ಟು ಕಾಲವೂ ಅಂಟಿಕೊಳ್ಳುತ್ತದೆ. ಪಾರ್ಟ್ ಎಗೆ ಪ್ರೀಮಿಯಂ ಕಟ್ಟಬೇಕಾದವರು ಎರಡಕ್ಕೂ ಸೇರದೆ ಮಾರ್ಕೆಟ್‌ಪ್ಲೇಸ್‌ನಲ್ಲೇ ಉಳಿಯುವ ದಾರಿಯೂ ಇದೆ. ಕಳೆದ ವಾರ ಊಟವಾದ ಮೇಲೆ ಅಮ್ಮ, ನಾನು, ಫೋನಿನಲ್ಲಿ ತಮ್ಮ, ಮೂವರೂ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಮೆಡಿಕೇರ್‌ನಲ್ಲಿ ಹಲ್ಲು ಸೇರುತ್ತಾ?" ಅಂದಳು. ಸಾಮಾನ್ಯವಾಗಿ ಸೇರುವುದಿಲ್ಲ ಎಂದೆ.

"ಹಾಗಾದರೆ ಅದಕ್ಕೆ ಬೇರೆ ಎಷ್ಟಾಗುತ್ತೆ ನೋಡಿ ಹೇಳು. ಎಡಗಡೆ ದವಡೆ ಹಲ್ಲು ನಿನ್ನೆಯಿಂದ ನೋಯ್ತಾ ಇದೆ."